ಅಂಟುವಾಳದ ನೀರಿನಲ್ಲಿ ಒಂದು ಪಾರ್ಕು

ಮೊನ್ನೆ ನನಗೆ ನೆಗಡಿಯಾಗಿತ್ತು. ನಮ್ಮ ಮನೆಯಲ್ಲಿ ಈಗ ಯಾರಿಗಾದರೂ ನೆಗಡಿಯಾದರೆ ಒಂದು ಕಾಗದದ ಡಬ್ಬ ಬಂದು ಎದುರಿಗೆ ಕೂರುತ್ತದೆ. ಒಂದು ಹಾಳೆ ಎಳೆದರೆ ಇನ್ನೊಂದು ತಲೆ ಎತ್ತಿ ‘ನಾನೂ ಬರಲೇ?’ ಎನ್ನುತ್ತದೆ. ಮೂಗು ಒರೆಸಿ ಎಸೆಯುವ ಈ ವಿದ್ಯೆ ನನಗೆ ಇನ್ನೂ ಹತ್ತಿಲ್ಲ. ಸೊಸೆ ಆ ಕಡೆ ಹೋದಾಗ ಎದ್ದು ಹಳೆಯ ಟ್ರಂಕು ತೆರೆದು ಕರವಸ್ತ್ರ ಹುಡುಕಿದೆ. ಮಫ್ಲರು ಸಿಕ್ಕಿತು, ಒಂಟಿ ಕಾಲುಚೀಲ ಸಿಕ್ಕಿತು, ಕಡೆಗೆ ತಳದಲ್ಲಿ ನಾಲ್ಕು ಮಡಿಕೆಯ ಒಂದು ಬಿಳಿಯ ಬಟ್ಟೆ ಸಿಕ್ಕಿತು. ಕೈಗೆ ತೆಗೆದುಕೊಂಡ ಕೂಡಲೇ ಗೊತ್ತಾಯಿತು. ಇದರಲ್ಲಿ ಮೂಗು ಒರೆಸುವಂತಿಲ್ಲ.

ಅಷ್ಟು ಮೆತ್ತನೆಯ ಬಟ್ಟೆಯನ್ನು ಈಗ ಯಾರೂ ನೇಯುವುದಿಲ್ಲವೆಂದು ಕಾಣುತ್ತದೆ. ಬಾಳೆಯ ಸುಳಿ ಮುಟ್ಟಿದ ಹಾಗೆ ಇರುತ್ತದೆ. ಅದು ಯಾವ ಅಂಗಡಿಯ ಬಟ್ಟೆಯೂ ಅಲ್ಲ. ಅದು ಒಂದು ಪಾರ್ಕಿನ ಮೂಲೆ. ಯಾವ ಮೂಲೆಯೆಂದು ಈಗ ಹೇಳಲಾರೆ. ಬೆಳಕಿಗೆ ಹಿಡಿದರೆ ಒಂದು ಕಡೆ ಮಾಸಿದ ಗೆರೆಯಂಥದು ಕಾಣುತ್ತದೆ. ನಡೆಯುವ ಹಾದಿ ಇರಬಹುದು, ಮಡಿಕೆ ಬಿದ್ದ ಕಲೆಯೂ ಇರಬಹುದು.

ನೀವು ನಗುತ್ತೀರಿ. ಇರಿ, ಹೇಳುತ್ತೇನೆ.

ಎಪ್ಪತ್ತರ ದಶಕದಲ್ಲಿ ನಾನು ಸರ್ಕಾರದ ಒಂದು ಕಚೇರಿಯಲ್ಲಿ ಟ್ರೇಸರ್ ಆಗಿದ್ದೆ. ಆ ಕೆಲಸ ಈಗ ಭೂಮಿಯ ಮೇಲಿಲ್ಲ. ದೊಡ್ಡವರು ಪೆನ್ಸಿಲಿನಲ್ಲಿ ನಕ್ಷೆ ಬರೆಯುತ್ತಿದ್ದರು. ಅದರ ಮೇಲೆ ಗಂಜಿ ಹಾಕಿದ, ಗಾಜಿನಂತೆ ನಯವಾದ, ತೆಳು ನೀಲಿಯ ಬಟ್ಟೆಯೊಂದನ್ನು ಹಾಸಿ, ಕೆಳಗೆ ಕಂಡ ಗೆರೆಯನ್ನು ಕಪ್ಪು ಮಸಿಯಲ್ಲಿ ಮೇಲೆ ಎಳೆಯುವವನು ಟ್ರೇಸರ್. ಆ ಬಟ್ಟೆಯಿಂದ ಎಷ್ಟು ಪ್ರತಿ ಬೇಕಾದರೂ ಅಚ್ಚು ತೆಗೆಯಬಹುದಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು, ಕೈ ನಡುಗಬಾರದು, ಅಷ್ಟೆ. ಯೋಚನೆ ಮಾಡುವುದು ನಮ್ಮ ಕೆಲಸವಾಗಿರಲಿಲ್ಲ. ಯೋಚನೆ ಮಾಡಿದರೆ ಗೆರೆ ಕೆಡುತ್ತದೆ ಎಂದು ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ನಂಜುಂಡಯ್ಯನವರು ನಶ್ಯ ಏರಿಸುತ್ತಾ ಹೇಳುತ್ತಿದ್ದರು. “ಕೆಳಗೇನಿದೆಯೋ ಅದು ಮೇಲೆ ಬರಬೇಕು ಕಣಯ್ಯ. ಕೆಳಗಿರೋದನ್ನ ಬಿಡಬೇಡ, ಇಲ್ಲದ್ದನ್ನ ಸೇರಿಸಬೇಡ. ಟ್ರೇಸರ್‌ಗೆ ಇದೇ ಸಂಧ್ಯಾವಂದನೆ.”

ಮಧ್ಯಾಹ್ನ ಊಟವಾದ ಮೇಲೆ ಕಿಟಕಿಯ ಬಿಸಿಲು ಆ ನೀಲಿ ಬಟ್ಟೆಯ ಮೇಲೆ ಬಂದು ಮಲಗುತ್ತಿತ್ತು. ಬಟ್ಟೆಗೆ ಸೀಮೆಸುಣ್ಣದ ಪುಡಿ ಉಜ್ಜಿ, ಮಸಿಯ ಪೆನ್ನು ಹಿಡಿದು ಬಗ್ಗಿದರೆ ಕೆರೆಯ ಮೇಲೆ ಬಗ್ಗಿದ ಹಾಗೆ. ಕೆಳಗೆ, ನೀರಿನ ತಳದಲ್ಲಿ, ಯಾರದೋ ರಸ್ತೆ, ಯಾರದೋ ಮನೆ, ಯಾರದೋ ಚರಂಡಿ. ಪಕ್ಕದ ಕೋಣೆಯಿಂದ ಅಚ್ಚು ತೆಗೆಯುವ ಅಮೋನಿಯಾ ವಾಸನೆ ಬಂದು ಕಣ್ಣಲ್ಲಿ ನೀರು ಬರುತ್ತಿತ್ತು. ಹೊಸಬರು ಬಂದರೆ ನಾವೆಲ್ಲ ಸೇರಿ ಏನೋ ದುಃಖದಲ್ಲಿದ್ದೇವೆ ಎಂದುಕೊಳ್ಳುತ್ತಿದ್ದರು.

ಆ ಬಟ್ಟೆಯ ಇನ್ನೊಂದು ಗುಟ್ಟು ನಮ್ಮ ಜಾತಿಯವರಿಗೆ ಮಾತ್ರ ಗೊತ್ತಿತ್ತು. ನಮ್ಮ ಜಾತಿ ಎಂದರೆ ಟ್ರೇಸರ್ ಜಾತಿ. ಕೆಟ್ಟುಹೋದ ಟ್ರೇಸಿಂಗನ್ನು ಮನೆಗೆ ಒಯ್ದು ಕುದಿಯುವ ನೀರಿನಲ್ಲಿ ಹಾಕಿದರೆ ಗಂಜಿಯೆಲ್ಲ ಬಿಟ್ಟುಕೊಂಡು, ಅದರ ಜೊತೆಗೆ ನೀಲಿಯೂ ಮಸಿಯೂ ಹೋಗಿ, ರಾಜರ ಮನೆಯ ಮಲ್ಲಿನಂಥ ಬಟ್ಟೆ ಈಚೆಗೆ ಬರುತ್ತಿತ್ತು. ನಮ್ಮ ಕರವಸ್ತ್ರಗಳೆಲ್ಲ ಅದರವೇ. ನಂಜುಂಡಯ್ಯನವರ ಮನೆಯ ಕಿಟಕಿ ಪರದೆ ಒಂದು ಕಾಲದಲ್ಲಿ ಒಳಚರಂಡಿಯ ನಕ್ಷೆಯಾಗಿತ್ತು. ನಮ್ಮ ಪೈಕಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಅದರ ಮೊದಲನೆಯ ಅಂಗಿ ಕೆಟ್ಟ ಟ್ರೇಸಿಂಗಿನದು. ಎಳೆಯ ಮೈಗೆ ಅದಕ್ಕಿಂತ ಹಿತವಾದದ್ದು ಇಲ್ಲ. ಕಚೇರಿಯಲ್ಲಿ ಇದಕ್ಕೆ ಯಾರೂ ಏನೂ ಅನ್ನುತ್ತಿರಲಿಲ್ಲ. ಕೆಟ್ಟದ್ದನ್ನು ಒಯ್ಯಬಹುದು, ಸರಿಯಾದದ್ದನ್ನು ಮುಟ್ಟಬಾರದು. ಅಷ್ಟೇ ಧರ್ಮ.

ಇನ್ನು ಪಾರ್ಕಿನ ವಿಷಯ.

ನಾನು ಹುಟ್ಟಿ ಬೆಳೆದದ್ದು ಬಿನ್ನಿಪೇಟೆಯ ಒಂದು ವಠಾರದಲ್ಲಿ. ಮಿಲ್ಲಿನ ಸೈರನ್ನೇ ನಮ್ಮ ಗಡಿಯಾರ. ಆಡುವುದಕ್ಕೆ ನಮಗಿದ್ದದ್ದು ವಠಾರದ ನಡುವಿನ ನಲ್ಲಿಕಟ್ಟೆ. ಅಲ್ಲಿ ಚೆಂಡು ಒಂದು ಸಲ ಪುಟಿದರೆ ಯಾರದಾದರೂ ಕೊಡಕ್ಕೆ ಬೀಳುತ್ತಿತ್ತು, ಎರಡನೆಯ ಸಲ ನಮ್ಮ ಬೆನ್ನಿಗೆ ಏಟು ಬೀಳುತ್ತಿತ್ತು. ಒಮ್ಮೆ ನಮ್ಮಪ್ಪ ನಮ್ಮನ್ನೆಲ್ಲ ಹೊಸ ಬಟ್ಟೆ ಹಾಕಿಸಿ ಪೇಟೆಯ ಆಚೆಯ ದೊಡ್ಡ ಉದ್ಯಾನಕ್ಕೆ ಕರೆದುಕೊಂಡು ಹೋಗಿದ್ದರು. ಅಮ್ಮ ಬುತ್ತಿ ಬಿಚ್ಚುವಷ್ಟರಲ್ಲಿ ಕಾವಲುಗಾರ ಸೀಟಿ ಊದಿದ. ಬೇರೆ ಕಡೆ ಹೋಗಿ ಕೂತೆವು. ಅಲ್ಲೂ ಊದಿದ. ಚಿತ್ರಾನ್ನ ತಿಂದದ್ದು ಕಡೆಗೆ ಗೇಟಿನ ಹೊರಗೆ, ಫುಟ್‌ಪಾತಿನ ಮೇಲೆ. ಆವತ್ತಿನಿಂದ ನನ್ನ ಕನಸಿನಲ್ಲಿ ಒಂದು ಪಾರ್ಕು ಬರುತ್ತಿತ್ತು. ಅದರಲ್ಲಿ ಹುಲ್ಲು ಇತ್ತು, ನೆರಳಿತ್ತು, ನೆರಳಿನ ಕೆಳಗೆ ಚಿತ್ರಾನ್ನವೂ ಇತ್ತು. ಸೀಟಿ ಇರಲಿಲ್ಲ.

ವಿಜಯನಗರದ ಕಡೆ ಆಗ ಎಲ್ಲೆಲ್ಲೂ ಮನೆ ಏಳುತ್ತಿದ್ದ ಕಾಲ. ಆರ್‌ಪಿಸಿ ಲೇಔಟಿಂದ ಆಚೆಗೆ ಇನ್ನೂ ರಾಗಿ ಹೊಲದ ವಾಸನೆ ಬರುತ್ತಿತ್ತು. ಅಲ್ಲಿ ಹೊಸ ಬಡಾವಣೆಯೊಂದರ ಬೆನ್ನಿಗೆ ಗಾರೆ ಕೆಲಸದವರ ಗುಡಿಸಲುಗಳಿದ್ದವು. ಬಡಾವಣೆಯ ಮನೆಗಳನ್ನೆಲ್ಲ ಕಟ್ಟಿದವರು ಅವರೇ. ಗಾರೆ ಕಾಲೋನಿ ಎಂದೇ ಅದಕ್ಕೆ ಹೆಸರು. ಬಡಾವಣೆ ಪೂರ್ವಕ್ಕೆ, ಕಾಲೋನಿ ಪಶ್ಚಿಮಕ್ಕೆ, ನಡುವೆ ಸೈಟು ಮಾಡಲಾಗದ ಒಂದು ತಗ್ಗು ಜಾಗ. ಅದರ ಕಾಲೋನಿ ಅಂಚಿನಲ್ಲಿ ಒಂದು ಹಳೆಯ ಹೊಂಗೆ ಮರ. ‘ಕಾಲೋನಿಯವರಿಗೂ ಒಂದು ಪಾರ್ಕು ಆಗಲಿ’ ಎಂದು ಮೇಲಿನಿಂದ ಆಜ್ಞೆಯಾಯಿತು.

ಬಡಾವಣೆಗಳ ಪಾರ್ಕು ಬರೆಯುವುದಕ್ಕೆ ನಮ್ಮಲ್ಲಿ ಡ್ರಾಫ್ಟ್ಸ್‌ಮನ್‌ಗಳು ಜಗಳವಾಡುತ್ತಿದ್ದರು. ಉದ್ಘಾಟನೆಯ ದಿನ ಹಾರ, ಕಾಫಿ, ಬೋಂಡಾ ಇರುತ್ತಿತ್ತು. ಇದಕ್ಕೆ ಮಾತ್ರ ಯಾರೂ ಕೈಯೆತ್ತಲಿಲ್ಲ. ನಂಜುಂಡಯ್ಯನವರು ಕೋಣೆಯ ಸುತ್ತ ಕಣ್ಣಾಡಿಸಿ, ನನ್ನ ಮೇಲೆ ನಿಲ್ಲಿಸಿ, “ಗಾರೆ ಕಾಲೋನಿದು ತಾನೆ. ನೀನೇ ಬರಿಯಯ್ಯ, ಕೈ ಕುದುರುತ್ತೆ” ಎಂದರು.

ಟ್ರೇಸರ್ ತನ್ನದೇ ಪೆನ್ಸಿಲಿನ ಮೇಲೆ ತಾನೇ ಮಸಿ ಎಳೆಯುವುದೆಂದರೆ ಅಡಿಗೆಯವನು ತನ್ನ ಮದುವೆಗೆ ತಾನೇ ಬಡಿಸಿದ ಹಾಗೆ.

ಅದೊಂದು ವಾರ ನಾನು ನೆಲದ ಮೇಲೆ ನಡೆದದ್ದು ನೆನಪಿಲ್ಲ. ಬಸ್ಸಿನಲ್ಲಿ ಕೂತರೂ ಪಾರ್ಕು, ಸ್ನಾನದ ಮನೆಯಲ್ಲೂ ಪಾರ್ಕು. ಹಾದಿಯನ್ನು ಹಾವಿನ ಹಾಗೆ ಬಳಸಿ ಬಳಸಿ ಬರೆದೆ. ಮರಗಳನ್ನು ಒಂದೊಂದಾಗಿ ಎಲೆ ಎಲೆಯಾಗಿ ಬರೆದೆ. ಅವೆಲ್ಲ ಹೂಕೋಸಿನ ಹಾಗೆ ಕಂಡರೆ ಅದು ನನ್ನ ತಪ್ಪಲ್ಲ, ನಕ್ಷೆಯಲ್ಲಿ ಮರವನ್ನು ಮೇಲಿನಿಂದ ನೋಡಬೇಕಲ್ಲ. ತಗ್ಗಿನ ನಡುವೆ ಒಂದು ಕೊಳ, ಕೊಳದಲ್ಲಿ ತಾವರೆ, ಅಂಚಿಗೆ ಒಂಟಿ ಕಾಲಿನಲ್ಲಿ ನಿಂತ ಕೊಕ್ಕರೆ. ಇಂಜಿನಿಯರ್ ಶೇಷಗಿರಿರಾಯರು ಕನ್ನಡಕ ಏರಿಸಿ ನೋಡಿದರು.

“ಏನಯ್ಯ ಇದು?”

“ಕೊಕ್ಕರೆ ಸಾರ್.”

“ಇದಕ್ಕೆ ಎಸ್ಟಿಮೇಟ್ ಯಾರು ಹಾಕೋದು? ದಿನಾ ಮೀನು ಯಾವ ಹೆಡ್ಡಲ್ಲಿ ಖರ್ಚು ಹಾಕ್ತೀಯ?”

ಕೊಕ್ಕರೆ ಹೋಯಿತು. ಅದರ ಹಿಂದೆ ಕೊಳವೂ ಹೋಯಿತು. ಉಳಿದದ್ದನ್ನು ಅವರು ಒಪ್ಪಿದರು. ಪೂರ್ವಕ್ಕೆ, ಬಡಾವಣೆಯ ದೊಡ್ಡ ರಸ್ತೆಗೆ ಗೇಟು. ಮಿಕ್ಕ ಮೂರು ಕಡೆಗೂ ಕಾಂಪೌಂಡು ಗೋಡೆ. ಎಲ್ಲ ಪಾರ್ಕುಗಳೂ ಹಾಗೆಯೇ ಇರುತ್ತಿದ್ದವು. ನಾನೂ ಹಾಗೆಯೇ ಬರೆದಿದ್ದೆ. ಕಾಲೋನಿಯವರು ಒಳಗೆ ಬರುವುದು ಹೇಗೆ ಎಂಬ ಯೋಚನೆ ಗುಡಿಸಲುಗಳನ್ನು ದಿನವೂ ಬಸ್ಸಿನಿಂದ ನೋಡುತ್ತಿದ್ದ ನನಗೇ ಬರಲಿಲ್ಲ. ಪೆನ್ಸಿಲಿನ ಮೇಲೆ ಬಟ್ಟೆ ಹಾಸಿ ಮಸಿಯನ್ನೂ ಎಳೆದು ಮುಗಿಸಿದೆ.

ಸಹಿ ಹಾಕುವ ಮುಂಚೆ ಒಮ್ಮೆ ಜಾಗ ನೋಡೋಣ ಎಂದರು ರಾಯರು. ಹೋದೆವು. ಹೊಂಗೆಯ ಕೆಳಗೆ ಒಬ್ಬಳು ಹೆಂಗಸು ತಲೆಯ ಸಿಂಬಿ ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡು ಮುದ್ದೆ ಉಣ್ಣುತ್ತಿದ್ದಳು. ಗಾರೆ ಹೊರುವವಳು, ಚಿಕ್ಕತಾಯಮ್ಮ ಎಂದು ಹೆಸರು. ಪಕ್ಕದಲ್ಲಿ ಅವಳ ಗಂಡ ಮುನಿಯಪ್ಪ ಮರಕ್ಕೆ ಒರಗಿ ಬೀಡಿ ಸೇದುತ್ತಿದ್ದ. ಒಳ್ಳೆಯ ಮೇಸ್ತ್ರಿಯಂತೆ. ಬಡಾವಣೆಯ ಮನೆಯೊಂದರ ಸಾರುವೆಯಿಂದ ಬಿದ್ದು ಸೊಂಟ ಹೋಗಿತ್ತು. ಕೋಲು ಊರಿ ಕಾಲೆಳೆದುಕೊಂಡು ಗುಡಿಸಲಿನಿಂದ ಹೊಂಗೆಯವರೆಗೆ ಬರುತ್ತಿದ್ದ, ಅಷ್ಟೆ.

ರಾಯರು ಕೇಳಿದರು. “ಇಲ್ಲೊಂದು ಪಾರ್ಕ್ ಮಾಡ್ತೀವಮ್ಮ. ಏನೇನು ಬೇಕು ನಿಮಗೆ?”

“ಪಾರ್ಕು ಅಂದ್ರೆ ಏನ್ ಸ್ವಾಮಿ, ಹೂವಿನ ತ್ವಾಟವಾ?”

“ಹಾಗೇ ಅಂದ್ಕೊಳ್ಳಿ. ಕೂತ್ಕೊಳ್ಳೋದಕ್ಕೆ, ಮಕ್ಕಳು ಆಡೋದಕ್ಕೆ.”

ಅವಳು ಕೈ ನೆಕ್ಕಿಕೊಂಡಳು. “ಕೂತ್ಕಂಡ್ರೆ ಯಾರೂ ಎಬ್ಬಿಸಬಾರ್ದು ಸ್ವಾಮಿ. ಅಷ್ಟಾದ್ರೆ ಸಾಕು. ಅಲ್ಲಿ ಮನೆ ಕಟ್ಟೋ ತನಕ ಜಗಲಿ ಮ್ಯಾಲೆ ಕೂತು ಉಣ್ತೀವಿ. ಗೃಹಪ್ರವೇಶ ಆದ ಮಾರನೇ ದಿನ ಅದೇ ಜಗಲಿಯಿಂದ ‘ಯಾರಮ್ಮ ನೀನು, ಏಳು’ ಅಂತಾರೆ.”

ಮುನಿಯಪ್ಪ ಬೀಡಿಯ ಹೊಗೆ ಬಿಟ್ಟು ನಕ್ಕ. “ಇವಳಿಗೆ ಅದೇ ಚಿಂತೆ. ನಂಗೆ ಬಾಗಿಲು ಎಲ್ಲಿಡ್ತೀರಿ ಹೇಳಿ ಬುದ್ಧಿ.”

ರಾಯರು ಪೂರ್ವದ ಕಡೆ ಕೈ ತೋರಿಸಿದರು.

“ಸುತ್ತಾಕ್ಕೊಂಡು ಹೋಗ್ಬೇಕಾ? ಈ ಕಡೆ ರಾಜಕಾಲುವೆ, ದಾಟೋಕೆ ಆಗಲ್ಲ. ಆ ಕಡೆ ಮೇನ್ ರೋಡು ಬಳಸ್ಕೊಂಡು ಬರ್ಬೇಕು. ನನ್ನ ಗುಡಿಸಲಿಂದ ಈ ಮರಕ್ಕೆ ಒಂದು ಬೀಡಿ ದೂರ ಬುದ್ಧಿ. ಆ ಗೇಟಿಗೆ ಒಂದು ಕಟ್ಟು ಬೀಡಿ ಬೇಕು. ಅಷ್ಟು ಸೇದಿದ್ರೆ ನಾನು ಪಾರ್ಕಿಗಲ್ಲ, ಸ್ಮಶಾನಕ್ಕೆ ಹೋಗ್ತೀನಿ.”

ರಾಯರು ನಗಲಿಲ್ಲ. ಹೊಂಗೆಯ ಬುಡದಿಂದ ಗುಡಿಸಲಿನ ಬಾಗಿಲವರೆಗೆ ತಾವೇ ನಡೆದು ಹೋಗಿ ತಿರುಗಿ ಬಂದರು. ನಾನು ಕಂಕುಳಲ್ಲಿ ಹಿಡಿದಿದ್ದ ಟ್ರೇಸಿಂಗನ್ನು ಅಲ್ಲಿಯೇ ಜೀಪಿನ ಮೂತಿಯ ಮೇಲೆ ಬಿಡಿಸಿ, ಪಶ್ಚಿಮದ ಗೋಡೆಯ ಮೇಲೆ, ಹೊಂಗೆಯ ಪಕ್ಕಕ್ಕೆ ಬೆರಳಿಟ್ಟರು. “ಇಲ್ಲೊಂದು ಗೇಟ್. ಸಣ್ಣದಿರಲಿ, ಸದಾ ತೆಗೆದಿರಲಿ. ಮರದ ಕೆಳಗೆ ಒಂದು ಕಲ್ಲು ಬೆಂಚು.”

“ಇನ್ನೇನು ಮತ್ತೆ,” ಎಂದ ಮುನಿಯಪ್ಪ ಹೆಂಡತಿಗೆ, “ನಾಳೆಯಿಂದ ನಾನು ಬಡಾವಣೆ ಯಜಮಾನ್ರ ಥರಾ ಬೆಂಚಿನ ಮ್ಯಾಲೆ ಕೂತ್ಕೊಂಡು ಕರೀತೀನಿ. ಕಾಫಿ ತತ್ತಾರೇ ಅಂತ.”

“ಕಾಫಿ ಅಂತೆ! ಗಂಜಿಗೆ ಗತಿ ನೋಡ್ಕೋ,” ಎಂದು ಅವಳು ಸಿಂಬಿ ಸುತ್ತಿದಳು. ಆದರೆ ಎದ್ದು ಹೋಗುವಾಗ ರಾಯರು ಬೆರಳಿಟ್ಟ ಜಾಗವನ್ನು ಬಟ್ಟೆಯ ಮೇಲೆ ಬಗ್ಗಿ ಒಂದು ಸಲ ನೋಡಿಕೊಂಡು ಹೋದಳು.

ಕಚೇರಿಗೆ ಬಂದು ಆ ತಿದ್ದುಪಡಿಯನ್ನು ನಾನು ಮೊದಲು ಮಾಡಿದ್ದು ಬಟ್ಟೆಯ ಮೇಲೆ. ಗೋಡೆಯ ಗೆರೆಯನ್ನು ಬ್ಲೇಡಿನಿಂದ ಕೆರೆದು, ಉಗುರಿನಿಂದ ನಯ ಮಾಡಿ, ಗೇಟು ಬರೆದೆ, ಬೆಂಚು ಬರೆದೆ. ಪೆನ್ಸಿಲಿನ ಹಾಳೆ ಮೊದಲಿದ್ದಂತೆಯೇ ಬೀರುವಿನಲ್ಲಿತ್ತು. ಅದನ್ನೂ ತಿದ್ದಬೇಕಾಗಿತ್ತು. ಅದರಲ್ಲಿ ಬೆಂಚು ಮಾತ್ರ ಸೇರಿಸಿದೆ, ಕೊಕ್ಕರೆಯ ಜಾಗ ಖಾಲಿಯಿದ್ದುದರಿಂದ ನನಗೆ ಬೆಂಚಿನ ಮೇಲೆ ಪ್ರೀತಿ ಬಂದಿತ್ತು. ಗೇಟಿಗೆ ಬರುವ ಹೊತ್ತಿಗೆ ಯಾರೋ ಕಾಫಿಗೆ ಕರೆದರು, ಎದ್ದು ಹೋದೆ. ರಾಯರು ಬಟ್ಟೆಗೆ ಸಹಿ ಹಾಕಿದರು.

ಅವತ್ತು ಶನಿವಾರ. ನನ್ನ ಬದುಕಿನಲ್ಲಿ ನಾನು ಮಾಡಿದ ಮೊದಲನೆಯ ವಸ್ತು ಅದು. ಮನೆಯವರಿಗೆ ತೋರಿಸಬೇಕು ಎನಿಸಿತು. ತಂಗಿ ಲಲಿತ ಬಾಣಂತನಕ್ಕೆ ಬಂದಿದ್ದಳು, ಹೆಣ್ಣು ಮಗು. ನಾಮಕರಣಕ್ಕೆ ಅಂಗಿ ಹೊಲಿಯಲು ಅಮ್ಮ ಬಟ್ಟೆ ಕೇಳಿದ್ದರು. ಕೆಟ್ಟ ಟ್ರೇಸಿಂಗು ಒಂದರ ಸುರುಳಿಯ ಜೊತೆಗೆ ನನ್ನ ಪಾರ್ಕನ್ನೂ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಸರಿಯಾದದ್ದನ್ನು ಮುಟ್ಟಬಾರದು ಎಂಬ ಧರ್ಮ ನನಗೆ ನೆನಪಿತ್ತು. ಸೋಮವಾರ ಬೆಳಿಗ್ಗೆ ತಂದಿಟ್ಟರೆ ಯಾರಿಗೆ ಗೊತ್ತಾಗುತ್ತದೆ?

ಶನಿವಾರ ರಾತ್ರಿ ಎಲ್ಲರಿಗೂ ತೋರಿಸಿದೆ. ಲಲಿತ ಹೂಕೋಸು ಚೆನ್ನಾಗಿದೆ ಎಂದಳು. ಅಮ್ಮ ಕನ್ನಡಕ ಹುಡುಕುತ್ತಾ “ನಾಳೆ ಬೆಳಕಲ್ಲಿ ನೋಡ್ತೀನಿ ಕಣೋ” ಎಂದರು. ಭಾನುವಾರ ನಾನು ತಡವಾಗಿ ಎದ್ದು, ಸ್ನೇಹಿತರ ಜೊತೆ ತಿರುಗಾಡಿ ಮಧ್ಯಾಹ್ನ ಮನೆಗೆ ಬಂದೆ. ವಠಾರದ ಹಗ್ಗದ ಮೇಲೆ ಎರಡು ಉದ್ದನೆಯ ಬಿಳಿಯ ಬಟ್ಟೆಗಳು ಗಾಳಿಗೆ ತೊನೆಯುತ್ತಿದ್ದವು. ಎಷ್ಟು ಚೆಂದವಾಗಿದ್ದವು ಅಂದರೆ, ಅರೆಕ್ಷಣ ನಾನು ನಿಂತು ನೋಡಿದೆ. ಆಮೇಲೆ ಎಣಿಸಿದೆ. ಎರಡು.

“ಅಮ್ಮಾ, ಏನಿದು?”

“ಏನು ಏನಿದು? ಅಂಗಿಗೆ ಅಂತ ನೀನು ತಂದ ಸುರುಳಿಯ ಬಟ್ಟೆ. ಒಂದಂತೂ ಸುಲಭವಾಗಿ ಹೋಯ್ತು. ಇನ್ನೊಂದರ ಮಸಿ ಎಷ್ಟು ಹಟ ಮಾಡಿತು ಗೊತ್ತಾ? ಅಂಟುವಾಳ ಹಾಕಿ ಎರಡು ನೀರು ಕುದಿಸಿದೆ. ಏನು ಬರೀತೀಯೋ ಅಷ್ಟು ಒತ್ತಿ ಒತ್ತಿ!”

ಪ್ರೀತಿಯಿಂದ ಬರೆದಿದ್ದೆನಲ್ಲ, ಅದಕ್ಕೇ ಹಟ ಮಾಡಿರಬೇಕು. ಹಗ್ಗದ ಹತ್ತಿರ ಹೋಗಿ ಒದ್ದೆ ಬಟ್ಟೆಯನ್ನು ಬಿಸಿಲಿಗೆ ಹಿಡಿದೆ. ನನ್ನ ಹಾದಿ, ನನ್ನ ಮರ, ರಾಯರ ಸಹಿ, ಮುನಿಯಪ್ಪನ ಬಾಗಿಲು, ಎಲ್ಲವೂ ಬಚ್ಚಲ ಮೋರಿಯಲ್ಲಿ ಹೋಗಿತ್ತು. ಸಂಜೆ ಅಮ್ಮ ಅದರಲ್ಲಿ ಎರಡು ಅಂಗಿ ಹೊಲಿದರು. ಒಂದು ತುಂಡು ಮಿಕ್ಕಿತು.

ಸೋಮವಾರ ನಂಜುಂಡಯ್ಯನವರಿಗೆ “ಮಸಿ ಚೆಲ್ಲಿಬಿಡ್ತು ಸಾರ್” ಎಂದೆ. ಸುಳ್ಳು. ಅವರು ನಶ್ಯದ ಡಬ್ಬಿ ಮುಚ್ಚಿ, “ನಿನ್ನ ಕೈಗೆ ಏನಾಗಿದೆಯೋ? ಸಂಜೆಯೊಳಗೆ ಇನ್ನೊಂದು ಮಾಡು. ರಾಯರಿಗೆ ವರ್ಗ ಆಗಿದೆ, ಹೋಗೋ ಮುಂಚೆ ಸಹಿ ಆಗಬೇಕು” ಎಂದರು. ಬೀರುವಿನಿಂದ ಪೆನ್ಸಿಲಿನ ಹಾಳೆ ತೆಗೆದೆ, ಮೇಲೆ ಬಟ್ಟೆ ಹಾಸಿದೆ, ಬಗ್ಗಿದೆ. ಇನ್ನು ಮುಂದಿನದು ಹೇಳಿದರೆ ನೀವು ನಂಬುತ್ತೀರೋ ಇಲ್ಲವೋ. ಕೆಳಗೆ ಏನು ಕಂಡಿತೋ ಅದನ್ನು ಎಳೆದೆ. ಬೆಂಚು ಕಂಡಿತು, ಎಳೆದೆ. ಗೋಡೆ ಕಂಡಿತು, ಎಳೆದೆ. ಆ ಕೊನೆಯಿಂದ ಈ ಕೊನೆಯವರೆಗೆ ಒಂದೇ ಉಸಿರಿನಲ್ಲಿ, ಕೂದಲಷ್ಟೂ ನಡುಗದ ಗೆರೆ. ನನ್ನ ವೃತ್ತಿಯಲ್ಲಿ ಅಷ್ಟು ಒಳ್ಳೆಯ ಗೆರೆ ಇನ್ನೊಂದು ಎಳೆದಿಲ್ಲ. ರಾಯರು ರಾಶಿ ಕಾಗದಗಳ ನಡುವೆ ಸಹಿ ಹಾಕಿ ಮಾರನೆಯ ದಿನ ರೈಲು ಹತ್ತಿದರು.

ಇಲ್ಲಿಯವರೆಗಿನದು ಮರೆವು. ಮರೆವಿಗೆ ದೇವರು ಕ್ಷಮಿಸುತ್ತಾನೆ. ಮುಂದಿನದು ಮರೆವಲ್ಲ.

ಅಚ್ಚು ತೆಗೆದ ಪ್ರತಿಗಳು ಅಮೋನಿಯಾ ಪೆಟ್ಟಿಗೆಯಿಂದ ಒದ್ದೊದ್ದೆಯಾಗಿ ಈಚೆಗೆ ಬಂದವು. ಮಡಿಸಲು ಕೂತಾಗ ಪಶ್ಚಿಮದ ಗೋಡೆ ಕಣ್ಣಿಗೆ ಬಿತ್ತು. ಬಾಗಿಲಿಲ್ಲ. ಕೈ ನಿಂತುಹೋಯಿತು. ಎದ್ದು ನಂಜುಂಡಯ್ಯನವರ ಹತ್ತಿರ ಹೋಗಬೇಕು. ಹೋದರೆ ‘ಹಳೆಯದು ಎಲ್ಲಿ, ಮಸಿ ಚೆಲ್ಲಿದ್ದಾದರೂ ತೋರಿಸು’ ಎನ್ನುತ್ತಾರೆ. ಸಹಿಯಾದ ನಕ್ಷೆಯನ್ನು ಮಗುವಿಗೆ ಅಂಗಿ ಹೊಲಿಸಿದೆ ಎಂದು ಹೇಳಬೇಕು. ನಾನು ಆಗ ಇನ್ನೂ ಕಾಯಂ ಆಗಿರಲಿಲ್ಲ. ನಾಳೆ ಹೇಳೋಣ ಎಂದು ಮಡಿಸಿಟ್ಟೆ. ನಾಳೆ ಹಬ್ಬದ ರಜ ಬಂತು. ಆಮೇಲಿನ ನಾಳೆ ನಂಜುಂಡಯ್ಯನವರ ಮುಖ ಸರಿಯಿರಲಿಲ್ಲ. ಹೀಗೆ ನಾಳೆಗಳು ಹೋಗಿ ಪ್ರತಿಗಳೂ ಕಂಟ್ರಾಕ್ಟರಿಗೆ ಹೋದವು.

ಪಶ್ಚಿಮದ ಗೋಡೆ ಏಳುವ ದಿನ ನನ್ನನ್ನೇ ಜಾಗಕ್ಕೆ ಕಳಿಸಿದರು, ಟೇಪು ಹಿಡಿಯುವುದಕ್ಕೆ. ಗೋಡೆ ಕಟ್ಟುವವರು ಯಾರು? ಕಾಲೋನಿಯವರೇ. ಗಾರೆ ಹೊರುವವಳು ಚಿಕ್ಕತಾಯಮ್ಮನೇ. ಹೊಂಗೆಯ ಹತ್ತಿರ ಬಂದಾಗ ಮೇಸ್ತ್ರಿ ಕಲ್ಲು ಇಡದೆ ನಿಂತ. ಅವಳು ಬಾಣಲಿಯನ್ನು ಕೆಳಗಿಟ್ಟು ನನ್ನ ಹತ್ತಿರ ಬಂದಳು.

“ಸ್ವಾಮಿ, ಬಾಗಿಲು ಇಲ್ಲೇ ಅಲ್ವಾ ಅಂದಿದ್ದು? ಆವತ್ತು ಜೀಪಿನ ಮ್ಯಾಲೆ ಬೆರಳಿಟ್ಟು ತೋರಿಸಿದ್ರಲ್ಲ?”

ನಾನು ನಕ್ಷೆ ಬಿಡಿಸಿದೆ. ಅದರಲ್ಲಿ ಏನಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಹುಡುಕುವವನ ಹಾಗೆ ನೋಡಿದೆ. ಒಂದು ಸಲ ತಿರುಗಿಸಿಯೂ ನೋಡಿದೆ. ಆ ಹುಡುಕಾಟವನ್ನು ನೆನೆಸಿಕೊಂಡರೆ ಈಗಲೂ ಒಬ್ಬನೇ ಕೂತಿದ್ದರೂ ತಲೆ ತಗ್ಗುತ್ತದೆ.

“ಪ್ಲಾನಿನಲ್ಲಿ ಇಲ್ಲಮ್ಮ” ಎಂದೆ.

“ಓ, ಪ್ಲಾನಲ್ಲಿ ಇಲ್ವಾ?” ಎಂದಳು. ಅದು ಮಳೆ ಬರುವುದಿಲ್ಲವಂತೆ ಎನ್ನುವ ಹಾಗಿತ್ತು. ನಮ್ಮ ಮೇಲೆ ಸಿಟ್ಟು ಕೂಡ ಇರಲಿಲ್ಲ. ಬಾಣಲಿ ಎತ್ತಿ ತಲೆಯ ಮೇಲಿಟ್ಟುಕೊಂಡು ಹೋದಳು. ಮೇಸ್ತ್ರಿ ಕಲ್ಲಿಟ್ಟ. ತಮ್ಮ ಬಾಗಿಲನ್ನು ತಾವೇ ಕಟ್ಟಿ ಮುಚ್ಚಿದರು. ಮುನಿಯಪ್ಪ ಗುಡಿಸಲಿನ ಮುಂದೆ ಕೂತು ನೋಡುತ್ತಿದ್ದ. ನಾನು ಆ ಕಡೆ ನೋಡಲಿಲ್ಲ.

ಉದ್ಘಾಟನೆಯಾಯಿತು. ಬೋಂಡಾ ಬಂತು. ಕಾಲೋನಿಯ ಮಕ್ಕಳು ಗೋಡೆಯ ಮೇಲೆ ಕಾಗೆಗಳ ಹಾಗೆ ಸಾಲಾಗಿ ಕೂತಿದ್ದರು, ಕಾವಲುಗಾರ ಸೀಟಿ ಊದಿದ. ಆ ಸೀಟಿ ನನಗೆ ಚೆನ್ನಾಗಿ ಗೊತ್ತಿತ್ತು. ಮನೆಗೆ ಬಂದರೆ ಲಲಿತಳ ಮಗಳು ನನ್ನ ಪಾರ್ಕನ್ನು ತೊಟ್ಟುಕೊಂಡು ನಡುಮನೆಯಲ್ಲೆಲ್ಲ ಅಂಬೆಗಾಲಿಡುತ್ತಿದ್ದಳು. ಅದರ ಬೆನ್ನ ಮೇಲೆ ಎಲ್ಲೋ ಒಂದು ಬಾಗಿಲಿತ್ತು, ಸಣ್ಣದು, ಸದಾ ತೆಗೆದಿದ್ದದ್ದು. ಎತ್ತಿಕೊಂಡರೆ ಅಂಗೈಗೆ ಸೋಕುತ್ತಿತ್ತು. ಅವಳನ್ನು ಎತ್ತಿಕೊಳ್ಳುವುದನ್ನೇ ಕಡಿಮೆ ಮಾಡಿದೆ. ಮಾಮನಿಗೆ ಮಕ್ಕಳೆಂದರೆ ಆಗುವುದಿಲ್ಲ ಎಂದು ಮನೆಯಲ್ಲಿ ಮಾತಾಯಿತು.

ಆ ದಶಕ ಮುಗಿಯುವ ಹೊತ್ತಿಗೆ ನಾವು ವಿಜಯನಗರದಲ್ಲಿ ಒಂದು ಬಾಡಿಗೆ ಮನೆಗೆ ಬಂದಿದ್ದೆವು. ನಾನು ಕಾಯಂ ಆಗಿದ್ದೆ, ಡ್ರಾಫ್ಟ್ಸ್‌ಮನ್ ಆಗಿದ್ದೆ. ಎದುರು ಸೈಟಿನಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು. ಒಂದು ಮಧ್ಯಾಹ್ನ ಅಮ್ಮ ಗೇಟಿನ ಹತ್ತಿರ ಯಾರಿಗೋ ಮಜ್ಜಿಗೆ ಕೊಡುತ್ತಿದ್ದರು. ನೋಡಿದರೆ ಚಿಕ್ಕತಾಯಮ್ಮ. ಕೂದಲು ಅರ್ಧ ಬೆಳ್ಳಗಾಗಿತ್ತು. ಹಣೆ ಬರಿದಾಗಿತ್ತು.

“ಪಾರ್ಕಿನ ಸ್ವಾಮಿ ಅಲ್ವಾ?” ಎಂದಳು.

ನಾನು ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಮ್ಮ ಒಳಗೆ ಹೋದರು. ಎಲ್ಲವನ್ನೂ ಹೇಳಿದೆ. ಬಟ್ಟೆ, ಭಾನುವಾರ, ಅಂಟುವಾಳ, ಮಸಿ ಚೆಲ್ಲಿದ ಸುಳ್ಳು, ಕೊನೆಗೆ ಪ್ಲಾನು ತಿರುಗಿಸಿ ಹುಡುಕಿದ ನಾಟಕ. ಹೇಳುತ್ತಾ ಹೇಳುತ್ತಾ ಅವಳು ಬೈಯಲಿ ಎಂದು ಕಾದೆ.

ಅವಳು ಮಜ್ಜಿಗೆಯ ಲೋಟ ಹಿಡಿದುಕೊಂಡೇ ನಗುವುದಕ್ಕೆ ಶುರು ಮಾಡಿದಳು. “ಅಯ್ಯೋ ಶಿವನೇ! ಸರ್ಕಾರದ ಪಾರ್ಕನ್ನ ಕುದಿಸ್ಬಿಟ್ರಾ!” ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು. “ಮಗೀಗೆ ಮೆತ್ತಗಿತ್ತಾ?”

“ಮೆತ್ತಗಿತ್ತು.”

“ಹೂಂ. ಅಷ್ಟಾದ್ರೂ ಆಯ್ತು.” ಮಜ್ಜಿಗೆ ಕುಡಿದು ಲೋಟವನ್ನು ಕವುಚಿಟ್ಟಳು. ಎದುರು ಸೈಟಿನಿಂದ ಮೇಸ್ತ್ರಿ ಕೂಗಿದ. ಅವಳು ಕೂಡಲೇ ಏಳಲಿಲ್ಲ. “ನಮ್ಮೋರು ಹೋದ ವರ್ಷ ಹೋಗ್ಬಿಟ್ರು ಸ್ವಾಮಿ. ಅಲ್ಲೀ ತನಕ ದಿನಾ ಆ ಗೋಡೆ ಹತ್ರ ಬಂದು ಕೂತ್ಕೊಳ್ಳೋರು, ಈಚೆ ಕಡೆ. ಬೆಳಿಗ್ಗೆ ಹೊತ್ತು ಹೊಂಗೆ ನೆರಳು ನಮ್ಮ ಕಡೆಗೇ ಬೀಳ್ತದಲ್ಲ. ಮಧ್ಯಾನ ಆಯ್ತು ಅಂದ್ರೆ ನೆರಳು ಹಂಗೇ ಗೋಡೆ ಹತ್ಕೊಂಡು ಪಾರ್ಕೊಳಕ್ಕೆ ಹೋಗ್ಬಿಡೋದು. ಇವ್ರಿಗೆ ಹೋಗೋಕಾಗಲ್ಲ. ‘ಹೋಯ್ತು ಕಣೇ ನಮ್ಮ ನೆರಳು, ಕೈ ಹಿಡ್ಕೋ, ಮನೆಗೆ ಹೋಗಾಣ, ನಾಳೆ ಬತ್ತದೆ’ ಅನ್ನೋರು.”

ಮೇಸ್ತ್ರಿ ಮತ್ತೆ ಕೂಗಿದ. ಅವಳು ಸಿಂಬಿ ಸುತ್ತಿಕೊಂಡು ಎದ್ದು ಹೋದಳು.

ಗಾರೆ ಕಾಲೋನಿ ಈಗ ಮೂರು ಅಂತಸ್ತಿನ ಮನೆಗಳಾಗಿದೆ. ಪಶ್ಚಿಮದ ಗೋಡೆಯಲ್ಲಿ ಒಂದು ಗೇಟೂ ಇದೆ. ಯಾವ ಕಾಲದಲ್ಲೋ ಯಾರೋ ಪುಣ್ಯಾತ್ಮರು ಇಡಿಸಿದ್ದಾರೆ, ನಾನಲ್ಲ. ಹೊಂಗೆ ಇನ್ನೂ ಇದೆ. ನೆಗಡಿಯಿಲ್ಲದ ದಿನ ಬೆಳಿಗ್ಗೆ ನಾನು ಕೋಲು ಹಿಡಿದು ಅಲ್ಲಿಗೆ ಹೋಗುತ್ತೇನೆ, ಗೋಡೆಗೆ ಒರಗಿ ಈಚೆ ಕಡೆ ಕೂರುತ್ತೇನೆ. ಗೋಡೆ ಬೆನ್ನಿಗೆ ತಣ್ಣಗಿರುತ್ತದೆ. ಹೊಂಗೆಯ ಹೂವು ಉದುರುತ್ತಿದ್ದರೆ ಕಣ್ಣು ತಾನಾಗಿ ಮುಚ್ಚುತ್ತದೆ, ಆಗ ಬೀಡಿಯ ವಾಸನೆ ಬಂದಂತಾಗುತ್ತದೆ.

ಹೋದ ತಿಂಗಳು ವಾಕಿಂಗಿಗೆ ಬಂದ ಒಬ್ಬಳು ಹುಡುಗಿ ನಿಂತು ಕೇಳಿದಳು. “ತಾತಾ, ಯಾಕೆ ನೆಲದ ಮೇಲೆ ಕೂತಿದೀರ? ಒಳಗಡೆ ಮರದ ಕೆಳಗೇ ಬೆಂಚ್ ಇದೆಯಲ್ಲ?”

“ಗೊತ್ತು ಕಣಮ್ಮ,” ಎಂದೆ. “ಅದನ್ನ ಬರೆದವನು ನಾನೇ.”

ಅವಳು ಮುದುಕರ ಮಾತಿಗೆ ನಗುವ ಹಾಗೆ ನಕ್ಕು ಗೇಟಿನಿಂದ ಒಳಗೆ ಹೋದಳು. ನಾನು ಅಲ್ಲಿಯೇ ಕೂತಿದ್ದೆ. ಬಿಸಿಲು ಏರಿತು. ನೆರಳು ಮೊದಲು ನನ್ನ ಕಾಲು ಬಿಟ್ಟಿತು, ಆಮೇಲೆ ಮಡಿಲು ಬಿಟ್ಟಿತು, ಆಮೇಲೆ ಗೋಡೆ ಹತ್ತಿ ಆ ಕಡೆಗೆ ಇಳಿಯಿತು. ಕೋಲು ಊರಿ ಎದ್ದು ಮನೆಗೆ ಬಂದೆ.